ನೀಲಿ ರೂಮ್ ಖಾಲಿ ಇಲ್ಲ ಅಂದವರಿಗೆ: ‘ಔಟ್ ಆಫ್ ದ ಬ್ಲೂ’ ಬಗ್ಗೆ ಸ್ವಲ್ಪ ಉದ್ದದ ಉತ್ತರ

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಮಡಿಕೇರಿ ಹತ್ತಿರ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತೇನೆ. ಓದಿದ್ದೆಲ್ಲಾ ಕನ್ನಡ ಮೀಡಿಯಂ. ಕಳೆದ ವಾರ ಒಬ್ಬ ಗೆಸ್ಟ್ ವಾಟ್ಸಾಪ್‌ನಲ್ಲಿ ‘ಸಾರಿ ಟು ಆಸ್ಕ್ ಔಟ್ ಆಫ್ ದ ಬ್ಲೂ, ಬಟ್ ಡು ಯೂ ಹ್ಯಾವ್ ಎ ರೂಮ್ ಟುನೈಟ್?’ ಅಂತ ಕಳಿಸಿದರು. ನಮ್ಮಲ್ಲಿ ಒಂದು ರೂಮಿಗೆ ನೀಲಿ ಬಣ್ಣ ಹೊಡೆದಿದೆ. ಅದನ್ನೇ ಕೇಳುತ್ತಿದ್ದಾರೆ ಅಂದುಕೊಂಡು ‘ಸಾರಿ, ಬ್ಲೂ ರೂಮ್ ಈಸ್ ಫುಲ್’ ಅಂತ ಬರೆದೆ. ಅವರು ನಗುವ ಮುಖ ಕಳಿಸಿ ಸುಮ್ಮನಾದರು. ಎರಡು ದಿನ ಬಿಟ್ಟು ನಮ್ಮ ಓನರ್ ಫೋನಿನಲ್ಲಿ ಯಾರಿಗೋ ‘ದ ಕುಕ್ ಲೆಫ್ಟ್ ಔಟ್ ಆಫ್ ದ ಬ್ಲೂ’ ಅನ್ನುತ್ತಿದ್ದರು. ಡಿಕ್ಷನರಿ ನೋಡಿದರೆ ‘ಇದ್ದಕ್ಕಿದ್ದಂತೆ’ ಅಂತಿದೆ. ಹಾಗಾದರೆ ಸಡನ್ಲಿ ಅಂದರೆ ಸಾಕಲ್ವಾ? ಈ ಬ್ಲೂ ಎಲ್ಲಿಂದ ಬಂತು? ನಾನೂ ಬಳಸಬಹುದಾ? ಎಲ್ಲಿ, ಹೇಗೆ?

ಉತ್ತರ: ಮೊದಲು ಒಂದು ಮಾತು, ನಾಚಿಕೆ ಪಡಬೇಡಿ. ಗೆಸ್ಟ್ ಕೇಳಿದ್ದು ರೂಮು, ಮೆಸೇಜಿನಲ್ಲಿ ಇದ್ದದ್ದು ಬ್ಲೂ, ಮನೆಯಲ್ಲಿ ಇರುವುದು ನೀಲಿ ರೂಮು. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆನೋ ಏನೋ. ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ, ಈ ಬ್ಲೂ ಸುತ್ತ ಎಂಥೆಂಥಾ ಉತ್ತರ ನೋಡಿದ್ದೇನೆ ಅಂತೀರಿ. ಒಬ್ಬ ಹುಡುಗ ‘ಬೋಲ್ಟ್ ಫ್ರಮ್ ದ ಬ್ಲೂ’ ಅನ್ನೋದಕ್ಕೆ ‘ನೀಲಿ ಗಾಡಿಯಿಂದ ಕಳಚಿ ಬಿದ್ದ ಬೋಲ್ಟು’ ಅಂತ ಬರೆದಿದ್ದ. ಅವನ ಅಪ್ಪನಿಗೆ ಗೋಣಿಕೊಪ್ಪದಲ್ಲಿ ಗ್ಯಾರೇಜು. ಇನ್ನೊಂದು ಸಲ ನಾನು ಬೋರ್ಡಿನ ಮೇಲೆ ಬ್ಲೂ ಅಂತ ಬರೆದ ಕೂಡಲೇ ಹಿಂದಿನ ಬೆಂಚು ಕಿಸಕ್ಕನೆ ನಕ್ಕಿತು. ಯಾಕೆ ಅಂತ ನಾನು ಕೇಳಲಿಲ್ಲ.

ಇಲ್ಲಿ ಬ್ಲೂ ಅಂದರೆ ಆಕಾಶ. ಮೋಡ ಒಂದೂ ಇಲ್ಲದ, ಡಿಸೆಂಬರ್ ಬೆಳಗ್ಗೆ ಮಂಜು ಸರಿದ ಮೇಲೆ ನಮ್ಮಲ್ಲಿ ಕಾಣುತ್ತದಲ್ಲ, ಅಂಥ ಆಕಾಶ. ಅದರೊಳಗಿಂದ ಏನೋ ಬಂದು ಬಿತ್ತು ಅನ್ನುವುದು ಮೂಲದ ಚಿತ್ರ. ಏನು ಬಿತ್ತು? ಸಿಡಿಲು. ಪೂರ್ತಿ ನುಡಿ ‘ಎ ಬೋಲ್ಟ್ ಔಟ್ ಆಫ್ ದ ಬ್ಲೂ’ ಅಂತ. ಈ ಬೋಲ್ಟ್ ನಮ್ಮ ನಟ್ಟು ಬೋಲ್ಟಿನ ಬೋಲ್ಟ್ ಅಲ್ಲ. ಹಳೆ ಇಂಗ್ಲಿಷಿನಲ್ಲಿ ಬೋಲ್ಟ್ ಅಂದರೆ ಅಡ್ಡಬಿಲ್ಲಿನಿಂದ ಹೊಡೆಯುವ ದಪ್ಪ, ಗಿಡ್ಡ ಬಾಣ. ಸಿಡಿಲೂ ಮೇಲಿಂದ ಬಾಣದ ಹಾಗೇ ಬಂದು ನಾಟುತ್ತದೆ ಅಂತ ಅದಕ್ಕೂ ಅದೇ ಹೆಸರು ಬಂತು, ಥಂಡರ್‌ಬೋಲ್ಟ್. ಸ್ಕಾಟ್ಲೆಂಡಿನ ಥಾಮಸ್ ಕಾರ್ಲೈಲ್ 1837ರಲ್ಲಿ ಫ್ರಾನ್ಸಿನ ಕ್ರಾಂತಿಯ ಚರಿತ್ರೆ ಬರೆದಾಗ, ಜನರನ್ನು ಬಂಧಿಸಿದ ರೀತಿ ಹೇಳುತ್ತಾ ಈ ಮಾತನ್ನು ಬಳಸಿದ್ದಾನೆ. ನೀಲಿ ಆಕಾಶದಿಂದ ಸಿಡಿಲು ಬಡಿದ ಹಾಗೆ ಬಂಧನ ಎರಗಿತು ಅಂತ. ಕಲ್ಪನೆ ಅವನಿಗಿಂತ ಎಷ್ಟೋ ಹಳೆಯದು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಕವಿ ಹೊರೇಸ್ ಒಂದು ಪದ್ಯದಲ್ಲಿ, ದೇವರು ಗುಡುಗಿನ ರಥವನ್ನು ಮೋಡವೇ ಇಲ್ಲದ ಆಕಾಶದಲ್ಲಿ ಓಡಿಸಿದ ಅಂತಾನೆ. ದೇವರನ್ನು ಅಷ್ಟಾಗಿ ಹಚ್ಚಿಕೊಳ್ಳದ ತಾನೂ ಅವತ್ತು ಬೆಚ್ಚಿಬಿದ್ದೆ ಅನ್ನೋದು ಪದ್ಯದ ಧಾಟಿ. ಜರ್ಮನ್‌ನಲ್ಲೂ ಇದೇ ಅರ್ಥದ ನುಡಿ ಇದೆ. ಇಂಗ್ಲಿಷಿನಲ್ಲಿ ಕಾಲ ಹೋದ ಹಾಗೆ ಬೋಲ್ಟ್ ಉದುರಿಹೋಗಿ ‘ಔಟ್ ಆಫ್ ದ ಬ್ಲೂ’ ಅಷ್ಟೇ ಉಳಿಯಿತು. ಸಿಡಿಲು ಹೋಯಿತು, ಖಾಲಿ ಆಕಾಶ ಉಳಿಯಿತು. ಅದಕ್ಕೇ ಕೇಳಿದವರಿಗೆ ತಲೆಬುಡ ಹೊಳೆಯುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ, ಸಡನ್ಲಿ ಅಂದರೆ ಸಾಕಲ್ವಾ ಅಂತ. ಸಾಕಾಗುವುದಿಲ್ಲ. ಡಿಕ್ಷನರಿಯದ್ದು ತಪ್ಪಿಲ್ಲ, ನಮ್ಮ ‘ಇದ್ದಕ್ಕಿದ್ದಂತೆ’ ಎರಡಕ್ಕೂ ಆಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಸಾಲದ್ದಕ್ಕೆ ನಾವು ದಿನಾ ಕನ್ನಡ ಮಾತಾಡುವಾಗಲೂ ‘ಸಡನ್ನಾಗಿ’ ಅಂತೀವಿ. ಸಡನ್ನಾಗಿ ಕರೆಂಟು ಹೋಯ್ತು, ಸಡನ್ನಾಗಿ ನೆಂಟರು ಬಂದ್ರು, ಸಡನ್ನಾಗಿ ಜ್ವರ ಬಂತು. ಎಲ್ಲದಕ್ಕೂ ಅದೊಂದೇ. ಇಂಗ್ಲಿಷ್ ಈ ಜಾಗದಲ್ಲಿ ಎರಡು ಬೇರೆ ಸಂಗತಿಗಳನ್ನು ಬೇರೆ ಬೇರೆ ಇಟ್ಟಿದೆ. ಸಡನ್ಲಿ ಅನ್ನೋದು ವೇಗದ ಮಾತು, ಎಷ್ಟು ಬೇಗ ಆಯಿತು ಅಂತ. ಔಟ್ ಆಫ್ ದ ಬ್ಲೂ ಅನ್ನೋದು ಸುಳಿವಿನ ಮಾತು, ಮೊದಲೇ ಏನಾದರೂ ಸೂಚನೆ ಇತ್ತಾ ಇಲ್ವಾ ಅಂತ.

ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು ಒಂದೇ ಪರೀಕ್ಷೆ. ಮೋಡ ಇತ್ತಾ? ಇತ್ತು ಅಂದರೆ ಈ ನುಡಿ ಬೇಡ.

ಕೊಡಗಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ, ಆಕಾಶ ನೋಡಿಕೊಂಡೇ ಬದುಕುವ ಜನ ನಾವು. ಜೂನ್ ಎರಡನೇ ವಾರ ಶಾಲೆ ಬಿಡುವ ಹೊತ್ತಿಗೆ ಧೋ ಅಂತ ಮಳೆ ಬಂತು ಅನ್ನಿ. ಒಂದು ನಿಮಿಷದಲ್ಲಿ ಶುರುವಾಗಿರಬಹುದು, ಎಲ್ಲರೂ ನೆನೆದಿರಬಹುದು. ಅದು ಸಡನ್ಲಿ. ಜೂನಿನಲ್ಲಿ ಕೊಡೆ ಇಲ್ಲದೆ ಹೊರಟವರಿಗೆ ಔಟ್ ಆಫ್ ದ ಬ್ಲೂ ಅನ್ನುವ ಹಕ್ಕಿಲ್ಲ. ಮಾರ್ಚಿನ ಹೂ ಮಳೆ, ಅಂದರೆ ಕಾಫಿ ಹೂ ಬಿಡಲು ಬೇಕಾದ ಮಳೆ, ಅದೂ ಹಾಗೇ. ಅದು ಯಾವತ್ತು ಬೀಳುತ್ತದೆ ಅಂತ ಗೊತ್ತಿರುವುದಿಲ್ಲ ನಿಜ, ಆದರೆ ತೋಟದವರೆಲ್ಲಾ ಕಣ್ಣು ಕೀಲಿಸಿಕೊಂಡು ಕಾಯುತ್ತಾ ಇರುತ್ತಾರೆ. ಕಾಯುತ್ತಿದ್ದದ್ದು ಬಂದರೆ ಅದಕ್ಕೆ ಬೇರೆ ಮಾತು ಹುಡುಕಬೇಕು. ಇನ್ನು ತಲಕಾವೇರಿಯ ತೀರ್ಥೋದ್ಭವ ನೋಡಿ. ತುಲಾ ಸಂಕ್ರಮಣಕ್ಕೆ, ಸಾಮಾನ್ಯವಾಗಿ ಅಕ್ಟೋಬರ್ 17ರ ಸುಮಾರಿಗೆ, ಗಂಟೆ ನಿಮಿಷದ ಲೆಕ್ಕ ಮೊದಲೇ ಪ್ರಕಟ ಆಗಿರುತ್ತದೆ. ಆ ಗಳಿಗೆಗೆ ಕುಂಡಿಕೆಯಲ್ಲಿ ನೀರು ಉಕ್ಕಿದಾಗ ಮೈ ಜುಂ ಅನ್ನುತ್ತದೆ, ಆದರೆ ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಕಡಿಮೆ ಔಟ್ ಆಫ್ ದ ಬ್ಲೂ ಆಗಿರುವ ಘಟನೆ ಇನ್ನೊಂದಿಲ್ಲ.

ಹಾಗಾದರೆ ಯಾವುದು ಸರಿಯಾದ ಉದಾಹರಣೆ? ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಜನವರಿ ತಿಂಗಳು. ರೋಬಸ್ಟಾ ಕುಯ್ಲು ಮುಗಿಯುತ್ತಾ ಬಂದಿತ್ತು, ಕಣದ ತುಂಬಾ ಹಣ್ಣು ಹರಡಿತ್ತು, ಅರ್ಧ ಒಣಗಿ ಕಪ್ಪಾಗಿತ್ತು, ಕಾಲಲ್ಲಿ ಎಳೆದರೆ ಗರಗರ ಸದ್ದು ಬರಲು ಶುರುವಾಗಿತ್ತು. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗೆ. ಟರ್ಪಾಲು ಎಲ್ಲಿದೆ ಅಂತಲೂ ಯಾರಿಗೂ ನೆನಪಿಲ್ಲ, ಯಾಕೆಂದರೆ ಒಂದನ್ನು ಸೌದೆ ಮುಚ್ಚಲು ತೆಗೆದುಕೊಂಡು ಹೋಗಿದ್ದರು, ಇನ್ನೊಂದು ಪಕ್ಕದ ಮನೆಯ ನಾಮಕರಣದ ಚಪ್ಪರಕ್ಕೆ ಹೋದದ್ದು ವಾಪಸ್ ಬಂದಿರಲಿಲ್ಲ. ಊಟ ಮುಗಿಸಿ ನಾನು ಸ್ವಲ್ಪ ಅಡ್ಡಾಗಿದ್ದೆ. ಹೆಂಚಿನ ಮೇಲೆ ಟಪ್ ಅಂತ ಒಂದು ಸದ್ದು. ಕಾಯಿ ಬಿತ್ತು ಅಂದುಕೊಂಡೆ. ಮತ್ತೆ ಟಪ್, ಟಪ್. ಎದ್ದು ಬರುವಷ್ಟರಲ್ಲಿ ನಮ್ಮ ಮನೆಯವರು ಪಂಚೆ ಎತ್ತಿ ಕಟ್ಟಿ ಕಣದಲ್ಲಿ ಓಡುತ್ತಿದ್ದರು, ಕೈಯಲ್ಲಿ ಮಂಚದ ಮೇಲಿನ ಚಾಪೆ! ನಾನು ಹೊದೆಯುವ ಕಂಬಳಿ ತಂದೆ. ಸೊಸೆ ಬಾಗಿಲ ಪರದೆ ಕಿತ್ತುಕೊಂಡು ಬಂದಳು. ಕಾಲು ಗಂಟೆ ಸುರಿದು ನಿಂತಿತು. ಆಮೇಲೆ ಹತ್ತು ದಿನ ಆ ಕಾಫಿಯನ್ನು ಕೈಯಾಡಿಸಿದ್ದೇ ಆಡಿಸಿದ್ದು, ಆದರೂ ಒಂದು ಭಾಗಕ್ಕೆ ಬೂಷ್ಟು ಹಿಡಿಯಿತು. ‘ದ ರೇನ್ ಕೇಮ್ ಔಟ್ ಆಫ್ ದ ಬ್ಲೂ’ ಅಂತ ನಾನು ಧೈರ್ಯವಾಗಿ ಹೇಳುವುದು ಆ ಮಳೆಗೆ. ವೇಗ ಅಷ್ಟೇನಿರಲಿಲ್ಲ, ಒಂದೊಂದೇ ಹನಿಯಾಗಿ ನಿಧಾನಕ್ಕೇ ಶುರುವಾಯಿತು. ಆದರೆ ಅದು ಬರುವ ಕಾಲವಲ್ಲ, ಬರುವ ಲಕ್ಷಣವೂ ಇರಲಿಲ್ಲ. ಟರ್ಪಾಲು ಎಲ್ಲಿದೆ ಅಂತ ಗೊತ್ತಿಲ್ಲದಷ್ಟು ನಿಶ್ಚಿಂತೆಯಿಂದ ಇದ್ದೆವಲ್ಲ, ಆ ನಿಶ್ಚಿಂತೆಯೇ ಇಲ್ಲಿನ ಬ್ಲೂ ಅನ್ನಿ.

ಇದೇ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೆ ಅಂತ ನೋಡಿದರೆ ಮಜಾ ಇದೆ. ನಮ್ಮಲ್ಲಿ ಪದಗಳಿಗೇನೂ ಕೊರತೆ ಇಲ್ಲ, ಆದರೆ ಒಂದೊಂದರ ರುಚಿ ಬೇರೆ. ‘ದಿಢೀರ್’ ಅಂದರೆ ವೇಗ, ದಿಢೀರ್ ಇಡ್ಲಿ ಹಿಟ್ಟಿನ ಪ್ಯಾಕೆಟ್ ನೆನಪಿಸಿಕೊಂಡರೆ ಸಾಕು. ‘ಏಕಾಏಕಿ’ ಅನ್ನುವಾಗ ಸ್ವಲ್ಪ ಸಿಟ್ಟು ಸೇರಿರುತ್ತದೆ, ಏಕಾಏಕಿ ರಸ್ತೆ ಬಂದ್ ಮಾಡಿಬಿಟ್ಟರು ಅಂತ. ‘ಹೇಳದೆ ಕೇಳದೆ’ ಅಂದರೆ ಮುಂಚೆ ತಿಳಿಸಬೇಕಿತ್ತು, ತಿಳಿಸಲಿಲ್ಲ ಅನ್ನೋ ದೂರು. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಅಂತೀವಲ್ಲ, ಅದರಲ್ಲಿ ಅನಿರೀಕ್ಷಿತ ಅನ್ನುವುದಕ್ಕಿಂತ ಕೆಲಸ ಕೆಟ್ಟಿತು ಅನ್ನುವುದೇ ಜೋರು. ಇನ್ನು ‘ಅನಿರೀಕ್ಷಿತವಾಗಿ’ ಅನ್ನೋದು ಅರ್ಥಕ್ಕೆ ತುಂಬಾ ಹತ್ತಿರ, ಆದರೆ ಮನೆಯಲ್ಲಿ ಯಾರು ಅನ್ನುತ್ತಾರೆ ಹೇಳಿ? ಅನಿರೀಕ್ಷಿತವಾಗಿ ಅತ್ತೆ ಬಂದರು ಅಂದರೆ ಅತ್ತೆಗೇ ಗಾಬರಿ ಆದೀತು.

ನನಗೆ ತುಂಬಾ ಇಷ್ಟವಾದ ಪದ ‘ಬರಸಿಡಿಲು’. ಕೇಳಿದ ತಕ್ಷಣ ನಮ್ಮ ಕಿವಿಗೆ ಬರ ಅಂತ ಬೀಳುತ್ತದೆ, ಮಳೆಯ ಸುಳಿವಿಲ್ಲದೆ ಬಡಿಯುವ ಸಿಡಿಲು ಅಂತಲೇ ಮನಸ್ಸಿಗೆ ಬರುತ್ತದೆ. ಲ್ಯಾಟಿನ್ ಕವಿಯ ಚಿತ್ರ, ಸ್ಕಾಟ್ಲೆಂಡಿನವನ ಚಿತ್ರ, ನಮ್ಮ ಪದ, ಮೂರೂ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಆದರೆ ಒಂದು ಎಚ್ಚರ. ಬರಸಿಡಿಲು ಯಾವಾಗಲೂ ಕೆಟ್ಟ ಸುದ್ದಿಗೇ. ಮನೆಗೆ ಬರಸಿಡಿಲು ಬಡಿದಂತಾಯಿತು ಅಂತ ಪೇಪರಿನಲ್ಲಿ ಓದಿದರೆ ಒಳಗೆ ಏನಿರುತ್ತದೆ ಅಂತ ಓದುವ ಮೊದಲೇ ಗೊತ್ತು. ಇಂಗ್ಲಿಷಿನ ಉದ್ದ ರೂಪ ‘ಎ ಬೋಲ್ಟ್ ಫ್ರಮ್ ದ ಬ್ಲೂ’ ಕೂಡ ಹೆಚ್ಚಾಗಿ ಹಾಗೇ, ಆಘಾತದ ಸುದ್ದಿಗೆ. ಬೋಲ್ಟ್ ಕಳಚಿದ ಗಿಡ್ಡ ರೂಪಕ್ಕೆ ಆ ಭಾರ ಇಲ್ಲ. ಒಳ್ಳೆಯದಕ್ಕೂ ಆಗುತ್ತದೆ, ಕೆಟ್ಟದ್ದಕ್ಕೂ ಆಗುತ್ತದೆ, ಎರಡೂ ಅಲ್ಲದ ಸಣ್ಣಪುಟ್ಟದ್ದಕ್ಕೂ ಆಗುತ್ತದೆ. ಇಪ್ಪತ್ತು ವರ್ಷ ಸುದ್ದಿಯೇ ಇಲ್ಲದ ಗೆಳತಿ ಒಂದು ಸಂಜೆ ಫೋನ್ ಮಾಡಿದರೆ ‘ಶಿ ಕಾಲ್ಡ್ ಮಿ ಔಟ್ ಆಫ್ ದ ಬ್ಲೂ’. ಖುಷಿಯ ವಿಷಯವೇ ಅಲ್ವಾ. ಅದನ್ನು ಬರಸಿಡಿಲು ಅಂದರೆ ಗೆಳತಿ ಮತ್ತೆ ಫೋನ್ ಮಾಡಲಾರಳು.

ಈಗ ನಿಮ್ಮ ಓನರ್ ಹೇಳಿದ ವಾಕ್ಯಕ್ಕೆ ಬರೋಣ, ಅಡುಗೆಯವರು ಬಿಟ್ಟುಹೋದದ್ದು. ಇದೇ ಈ ನುಡಿಯಲ್ಲಿ ಸೂಕ್ಷ್ಮದ ಜಾಗ. ಆಕಾಶ ನೀಲಿ ಇತ್ತು ಅಂತ ಹೇಳುತ್ತಿರುವವರು ಯಾರು? ನಿಮ್ಮ ಓನರ್. ಅವರ ಕಣ್ಣಿಗೆ ಮೋಡ ಕಾಣಲಿಲ್ಲ. ಆದರೆ ನೀವು ದಿನಾ ಅಡುಗೆಮನೆಗೆ ಹೋಗುವವರು. ಅಡುಗೆಯವರು ಫೋನ್ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದದ್ದು, ರಜೆ ಕೇಳಿ ಸಿಗದೆ ಇದ್ದದ್ದು, ಸಂಬಳದ ಮಾತು ಎರಡು ಸಲ ಎತ್ತಿದ್ದು, ಇಂಥದ್ದೆಲ್ಲಾ ನಿಮಗೆ ಗೊತ್ತಿರಬಹುದು. ಹಾಗಿದ್ದರೆ ನಿಮಗೆ ಅದು ಔಟ್ ಆಫ್ ದ ಬ್ಲೂ ಅಲ್ಲ. ಅಡುಗೆಯವರಿಗಂತೂ ಅಲ್ಲವೇ ಅಲ್ಲ, ಅವರು ತಿಂಗಳಿನಿಂದ ಯೋಚನೆ ಮಾಡಿರುತ್ತಾರೆ. ಒಂದೇ ಘಟನೆ, ಮೂರು ಜನ, ಮೂರು ಆಕಾಶ. ಹಾಗಾಗಿ ಯಾರಾದರೂ ‘ಇಟ್ ಹ್ಯಾಪನ್ಡ್ ಔಟ್ ಆಫ್ ದ ಬ್ಲೂ’ ಅಂದಾಗ ನಮಗೆ ತಿಳಿಯುವುದು ಘಟನೆಯ ಬಗ್ಗೆ ಕಮ್ಮಿ, ಹೇಳುವವರು ಎಷ್ಟು ಗಮನ ಇಟ್ಟಿದ್ದರು ಅನ್ನುವುದರ ಬಗ್ಗೆ ಜಾಸ್ತಿ. (ಇದನ್ನು ನಿಮ್ಮ ಓನರ್ ಹತ್ತಿರ ಹೇಳಲು ಹೋಗಬೇಡಿ.)

ಆನೆಯ ವಿಷಯದಲ್ಲಿ ನನಗೂ ಈ ಪಾಠ ಆಗಿದೆ. ಒಂದು ಹಲಸಿನ ಕಾಲ. ಸಂಜೆ ಗೇಟಿನ ಹತ್ತಿರ ಕಾಫಿ ಗಿಡಗಳ ನಡುವಿನಿಂದ ಒಂದು ಆನೆ ಧುತ್ತನೆ ರಸ್ತೆಗೆ ಇಳಿಯಿತು. ನನಗೂ ಅದಕ್ಕೂ ನಡುವೆ ಇಪ್ಪತ್ತು ಹೆಜ್ಜೆ ಇದ್ದೀತು. ಹೇಗೋ ಮನೆ ಸೇರಿ ಏದುಸಿರು ಬಿಡುತ್ತಾ ‘ಎಲ್ಲಿಂದ ಬಂತೋ ಗೊತ್ತಿಲ್ಲ, ಸುಮ್ನೆ ಬಂದುಬಿಡ್ತು’ ಅಂತ ಹೇಳಿದೆ. ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ಎಲೆಅಡಿಕೆ ಜಗಿಯುತ್ತಾ ಕೂತಿದ್ದರು. ‘ಸುಮ್ನೆ ಎಲ್ಲಿ ಬರ್ತದೆ ಅಮ್ಮ? ಬೆಳಗ್ಗೆ ಕೆರೆ ಹತ್ರ ಲದ್ದಿ ಬಿದ್ದಿತ್ತು. ಮೇಲಿನ ಹಲಸಿನ ಮರದ ಕೊಂಬೆ ಮುರಿದು ಹಾಕಿದೆ. ನೀವು ನೋಡ್ಲಿಲ್ಲ ಅಷ್ಟೆ’ ಅಂದರು. ಅವರ ಆಕಾಶದಲ್ಲಿ ಬೆಳಗ್ಗೆಯಿಂದ ಮೋಡ ಇತ್ತು, ನಾನು ತಲೆ ಎತ್ತಿರಲಿಲ್ಲ.

ಆನೆ ವಿಷಯ ಬಂದಿದ್ದರಿಂದ ಪಕ್ಕದ ಇನ್ನೊಂದು ನುಡಿಯನ್ನೂ ಹೇಳಿಬಿಡುತ್ತೇನೆ, ‘ಔಟ್ ಆಫ್ ನೋವೇರ್’. ನಮ್ಮ ‘ಧುತ್ತನೆ’ಗೆ ಇದೇ ಸರಿ. ಕಣ್ಣೆದುರಿಗೆ ಏನೋ ಒಂದು ಇಲ್ಲದ ಜಾಗದಿಂದ ಹಾರಿ ಬಂದ ಹಾಗೆ ಕಂಡಾಗ, ಆನೆ, ಬೈಕು, ಚೆಂಡು ಇಂಥದ್ದಕ್ಕೆಲ್ಲಾ ಅದು ಚೆನ್ನಾಗಿ ಒಪ್ಪುತ್ತದೆ. ಫೋನ್ ಕಾಲು, ಪ್ರಶ್ನೆ, ರಾಜೀನಾಮೆ, ಮದುವೆ ಪ್ರಸ್ತಾಪ, ಇಂಥ ಕಣ್ಣಿಗೆ ಕಾಣದ ಸಂಗತಿಗೆ ಔಟ್ ಆಫ್ ದ ಬ್ಲೂ ಜಾಸ್ತಿ ಬಳಕೆ. ನಡುವೆ ಗಟ್ಟಿ ಬೇಲಿ ಇಲ್ಲ, ಅದಲು ಬದಲು ಮಾಡಿದರೆ ಯಾರೂ ತಪ್ಪು ಅನ್ನುವುದಿಲ್ಲ.

ಒಂದು ಕಡೆ ಮಾತ್ರ ಈ ನುಡಿ ಬಳಸುವ ಮೊದಲು ಎರಡು ಸಲ ಯೋಚಿಸಿ ಅನ್ನುತ್ತೇನೆ. ನಿಮ್ಮ ಗೆಸ್ಟ್‌ಗಳು 2018ರ ಆಗಸ್ಟ್ ಬಗ್ಗೆ ಕೇಳಿಯೇ ಕೇಳುತ್ತಾರೆ, ಗುಡ್ಡ ಕುಸಿದದ್ದು, ಮಕ್ಕಂದೂರು, ಜೋಡುಪಾಲ ಕಡೆ ಮನೆಗಳು ಹೋದದ್ದು. ‘ಇಟ್ ಹ್ಯಾಪನ್ಡ್ ಸಡನ್ಲಿ’ ಅನ್ನಬಹುದು, ಕ್ಷಣದಲ್ಲಿ ಗುಡ್ಡ ಜಾರಿದ್ದು ನಿಜ. ಔಟ್ ಆಫ್ ದ ಬ್ಲೂ ಅಂದರೆ ನನ್ನ ಕಿವಿಗೆ ಒಪ್ಪುವುದಿಲ್ಲ. ಆ ವರ್ಷ ಮುಂಗಾರು ಶುರುವಾದಾಗಿನಿಂದ ಮಳೆ ಬಿಟ್ಟು ಬಿಟ್ಟು ಜೋರಾಗಿಯೇ ಇತ್ತು, ಆಗಸ್ಟ್ ನಡುವಿಗೆ ದಿನಗಟ್ಟಲೆ ನಿಲ್ಲದೆ ಸುರಿಯಿತು, ನೆಲ ನೀರು ಕುಡಿದು ಕುಡಿದು ಸಾಕಾಗಿತ್ತು. ನೀಲಿ ಆಕಾಶ ಎಲ್ಲಿತ್ತು ಅಲ್ಲಿ? ಆದರೆ ತಲೆಮಾರುಗಳಿಂದ ಅಲ್ಲೇ ಇದ್ದು, ಹಿಂದಿನ ಗುಡ್ಡ ಅಲುಗಾಡಿದ್ದನ್ನು ಒಮ್ಮೆಯೂ ನೋಡದ ಮನೆಯವರೊಬ್ಬರು ತಮ್ಮ ಬಗ್ಗೆ ಹಾಗೆ ಹೇಳಿಕೊಂಡರೆ ನಾನು ತಿದ್ದಲು ಹೋಗುವುದಿಲ್ಲ.

ಸ್ವಲ್ಪ ವಿಜ್ಞಾನ ಹೇಳಲಾ? ನೀಲಿ ಆಕಾಶದಿಂದ ಸಿಡಿಲು ಬೀಳುವುದು ಬರೀ ಕವಿಗಳ ಕಲ್ಪನೆ ಅಂತ ನಾನೂ ಬಹಳ ಕಾಲ ಅಂದುಕೊಂಡಿದ್ದೆ. ಅದು ನಿಜವಾಗಿಯೂ ಆಗುತ್ತದೆ, ಹವಾಮಾನದವರೂ ಅದನ್ನು ಬೋಲ್ಟ್ ಫ್ರಮ್ ದ ಬ್ಲೂ ಅಂತಲೇ ಕರೆಯುತ್ತಾರೆ. ಗುಡುಗಿನ ದೊಡ್ಡ ಮೋಡದ ಮೇಲ್ಭಾಗದಿಂದಲೋ ಪಕ್ಕದಿಂದಲೋ ಮಿಂಚು ಹೊರಟು, ನೇರ ಕೆಳಗೆ ಬೀಳದೆ ತಿಳಿ ಆಕಾಶದಲ್ಲಿ ಅಡ್ಡಡ್ಡ ದೂರ ಹೋಗಿ ಆಮೇಲೆ ನೆಲಕ್ಕೆ ಇಳಿಯುತ್ತದೆ. ಮೋಡದಿಂದ 15, 20 ಕಿಲೋಮೀಟರ್ ದೂರ ಬಿದ್ದದ್ದುಂಟು, ಅಪರೂಪಕ್ಕೆ 40 ಕಿಲೋಮೀಟರ್‌ವರೆಗೂ ಹೋದದ್ದು ದಾಖಲಾಗಿದೆ. ಗುಡುಗು ಸಾಮಾನ್ಯವಾಗಿ 15 ಕಿಲೋಮೀಟರ್ ಆಚೆ ಕೇಳಿಸುವುದಿಲ್ಲ. ಅಂದರೆ ನಿಮ್ಮ ತಲೆ ಮೇಲೆ ಬಿಸಿಲು, ಕಿವಿಗೆ ಸದ್ದಿಲ್ಲ, ಆದರೂ ಸಿಡಿಲು. ಮಡಿಕೇರಿಯಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ 30 ಕಿಲೋಮೀಟರ್ ಸುಮಾರು ಇದೆ ಅಂದರೆ ದೂರದ ಅಂದಾಜು ಸಿಗುತ್ತದೆ. ನಮ್ಮಲ್ಲಂತೂ ಎದುರಿಗೇ ಬೆಟ್ಟ, ಅದರ ಆಚೆ ಮೋಡ ಕಟ್ಟಿದರೆ ಈಚೆಗೆ ಕಾಣುವುದೂ ಇಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗೆಸ್ಟ್‌ಗಳನ್ನು ಗುಡ್ಡದ ತುದಿಗೆ ಟ್ರೆಕ್ಕಿಂಗ್ ಕಳಿಸುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಗುಡುಗು ಒಮ್ಮೆ ಕೇಳಿಸಿದರೂ ಸಾಕು, ಮಳೆಗೆ ಕಾಯದೆ ಕೆಳಗೆ ಇಳಿದು ಒಳಗೆ ಬರಬೇಕು. ಒಟ್ಟಿನಲ್ಲಿ ನೀಲಿಯಿಂದ ಬಿದ್ದ ಸಿಡಿಲಿಗೂ ಎಲ್ಲೋ ಒಂದು ಮೋಡ ಇದ್ದೇ ಇರುತ್ತದೆ. ಆ ಎಲೆಅಡಿಕೆಯ ಹಿರಿಯರು ಹೇಳಿದ್ದು ಇದನ್ನೇ ಅಲ್ವಾ?

ಬಳಸುವ ರೀತಿಗೆ ಬರೋಣ. ಮೊದಲನೆಯದು, ನಡುವಿನ ‘ದ’ ಬಿಡಬೇಡಿ. ಕನ್ನಡದಲ್ಲಿ ಅಂಥ ಪದ ಇಲ್ಲದ್ದರಿಂದ ನಮ್ಮ ಬಾಯಿಂದ ‘ಔಟ್ ಆಫ್ ಬ್ಲೂ’ ಅಂತಲೇ ಬರುತ್ತದೆ, ನನ್ನ ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಜನ ಹಾಗೇ ಬರೆಯುತ್ತಿದ್ದರು. ‘ದ’ ಇದ್ದರೇ ಅದು ಆಕಾಶ, ಇಲ್ಲದಿದ್ದರೆ ಬರೀ ಬಣ್ಣ. ಮಾತಾಡುವಾಗ ‘ಔಟಾಫ್ ದ’ ಅನ್ನೋದನ್ನು ಒಟ್ಟಿಗೆ ಬೇಗ ಹೇಳಿ ಒತ್ತು ಪೂರ್ತಿ ಬ್ಲೂ ಮೇಲೆ ಹಾಕಿ. ವಾಕ್ಯದ ಕೊನೆಗೆ ಇಟ್ಟರೆ ಸಲೀಸು: ‘ಹಿ ರಿಸೈನ್ಡ್ ಔಟ್ ಆಫ್ ದ ಬ್ಲೂ’. ಕಥೆ ಹೇಳುವಾಗ ಮೊದಲಿಗೂ ತರಬಹುದು: ‘ಔಟ್ ಆಫ್ ದ ಬ್ಲೂ, ಶಿ ಆಸ್ಕ್ಡ್ ಮಿ ಮೈ ಏಜ್’. ಒತ್ತಿ ಹೇಳಬೇಕಾದರೆ ಮುಂದೆ ‘ಕಂಪ್ಲೀಟ್ಲಿ’ ಅಥವಾ ‘ರೈಟ್’ ಸೇರಿಸಿ. ‘ವೆರಿ’ ಹಾಕಬೇಡಿ, ಮೋಡ ಇಲ್ಲ ಅಂದ ಮೇಲೆ ತುಂಬಾ ಇಲ್ಲ ಅನ್ನಲು ಬರುತ್ತದಾ?

ಕಾಲ್, ಆಸ್ಕ್, ಹ್ಯಾಪನ್, ಕಮ್, ಅಪಿಯರ್, ಟರ್ನ್ ಅಪ್, ಈ ಕ್ರಿಯಾಪದಗಳ ಜೊತೆ ಚೆನ್ನಾಗಿ ಕೂರುತ್ತದೆ. ಹೆಚ್ಚಾಗಿ ಆಗಿಹೋದದ್ದಕ್ಕೆ ಬಳಸುತ್ತಾರೆ. ‘ಐ ವಿಲ್ ಕಮ್ ಟುಮಾರೋ ಔಟ್ ಆಫ್ ದ ಬ್ಲೂ’ ಅಂದರೆ ನಗು ಬರುತ್ತದೆ, ನಾಳೆ ಬರುತ್ತೇನೆ ಅಂತ ಹೇಳಿಟ್ಟ ಮೇಲೆ ಇನ್ನೆಲ್ಲಿಯ ಬ್ಲೂ. ಹಾಗೇ ನಾವೇ ಮಾಡಿದ ಕೆಲಸಕ್ಕೂ ಸಾಮಾನ್ಯವಾಗಿ ಹೊಂದುವುದಿಲ್ಲ, ನಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಗೊತ್ತಿರುತ್ತದಲ್ಲ. ಇದಕ್ಕೆ ಇರುವ ದೊಡ್ಡ ಅಪವಾದವೇ ನಿಮ್ಮ ಗೆಸ್ಟ್ ಬರೆದ ವಾಕ್ಯ.

‘ಸಾರಿ ಟು ಆಸ್ಕ್ ಔಟ್ ಆಫ್ ದ ಬ್ಲೂ’, ‘ಐ ನೋ ದಿಸ್ ಈಸ್ ಔಟ್ ಆಫ್ ದ ಬ್ಲೂ, ಬಟ್’, ಇವು ಒಂಥರಾ ಮರ್ಯಾದೆಯ ಮಾತು. ಕೇಳುವವರು ನಿಮ್ಮ ಕಡೆಯಿಂದ ಆಕಾಶ ನೋಡುತ್ತಿದ್ದಾರೆ. ಪರಿಚಯ ಇಲ್ಲ, ಮೊದಲೇ ಫೋನ್ ಮಾಡಿಲ್ಲ, ಸಂಜೆ ಆರಕ್ಕೆ ರಾತ್ರಿಯ ರೂಮ್ ಕೇಳುತ್ತಿದ್ದೇನೆ, ನಿಮಗೆ ಇದು ಅಚಾನಕ್ ಅನ್ನಿಸಬಹುದು ಅಂತ ಒಪ್ಪಿಕೊಂಡ ಹಾಗೆ. ನಾವು ಯಾರ ಮನೆಗಾದರೂ ಹೋದಾಗ ‘ಹೇಳದೆ ಕೇಳದೆ ಬಂದುಬಿಟ್ವಿ, ಬೇಜಾರು ಮಾಡ್ಕೋಬೇಡಿ’ ಅಂತ ಹೊಸ್ತಿಲಲ್ಲೇ ಅನ್ನುತ್ತೇವಲ್ಲ, ಥೇಟ್ ಅದೇ. ಉತ್ತರವಾಗಿ ‘ನೋ ಪ್ರಾಬ್ಲಂ ಅಟ್ ಆಲ್’ ಅಂದು ರೂಮ್ ಇದೆಯೋ ಇಲ್ಲವೋ ಹೇಳಿದರೆ ಮುಗಿಯಿತು, ಬ್ಲೂ ಬಗ್ಗೆ ಏನೂ ಹೇಳುವ ಅಗತ್ಯ ಇಲ್ಲ. ನೀವೂ ಹಳೆ ಗೆಸ್ಟ್ ಒಬ್ಬರಿಗೆ ವರ್ಷ ಬಿಟ್ಟು ಮೆಸೇಜ್ ಮಾಡುವಾಗ ಈ ವಾಕ್ಯ ಬಳಸಬಹುದು, ಚೆನ್ನಾಗಿ ಕೇಳಿಸುತ್ತದೆ. ಬ್ಯಾಂಕಿಗೋ ಇಲಾಖೆಗೋ ಬರೆಯುವ ಪತ್ರದಲ್ಲಿ ಬೇಡ. ಅಲ್ಲಿ ‘ಅನೆಕ್ಸ್‌ಪೆಕ್ಟೆಡ್ಲಿ’ ಅಥವಾ ‘ವಿತೌಟ್ ನೋಟಿಸ್’ ಸಾಕು.

ನಾಮಪದದ ಮುಂದೆ ಹಾಕುವುದಾದರೆ, ‘ಆ್ಯನ್ ಔಟ್-ಆಫ್-ದ-ಬ್ಲೂ ಕಾಲ್’ ಅಂತ ನಡುವೆ ಸಣ್ಣ ಗೆರೆಗಳು ಬೇಕು. ಆದರೆ ಶುರುವಿನಲ್ಲಿ ಈ ರೂಪದ ಗೋಜಿಗೆ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಗೊಂದಲ ಖಂಡಿತ ಆಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ‘ಒನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಅಪರೂಪಕ್ಕೆ, ನಾವು ಅಮಾವಾಸ್ಯೆಗೋ ಹುಣ್ಣಿಮೆಗೋ ಅಂತೀವಲ್ಲ, ಹಾಗೆ. ಅದು ಎಷ್ಟು ಸಲ ಅನ್ನುವ ಲೆಕ್ಕ, ಅನಿರೀಕ್ಷಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದನ್ನು ಬ್ಲೂ ಮೂನ್ ಅನ್ನುತ್ತಾರೆ, 2023ರ ಆಗಸ್ಟ್‌ನಲ್ಲಿ ಬಂದಿತ್ತು, ಚಂದ್ರ ನೀಲಿ ಏನೂ ಕಾಣುವುದಿಲ್ಲ. ‘ಫೀಲಿಂಗ್ ಬ್ಲೂ’ ಅಂದರೆ ಮನಸ್ಸು ಮಂಕಾಗಿದೆ ಅಂತ. ಜುಲೈನಲ್ಲಿ ಹದಿನೈದು ದಿನ ಬಿಸಿಲು ಕಾಣದೆ ಬಟ್ಟೆ ಒಣಗದೆ ಇದ್ದಾಗ ನಮಗೆಲ್ಲಾ ಆಗುವಂಥದ್ದು.

ರೂಢಿ ಆಗಬೇಕಾದರೆ ಒಂದು ಕೆಲಸ ಮಾಡಿ. ಒಂದು ವಾರ, ನಿಮ್ಮ ಬಾಯಿಂದ ‘ಸಡನ್ನಾಗಿ’ ಅಂತ ಬಂದಾಗಲೆಲ್ಲಾ ಒಂದು ಕ್ಷಣ ನಿಂತು ಮೋಡ ಇತ್ತಾ ಅಂತ ಕೇಳಿಕೊಳ್ಳಿ. ಸಡನ್ನಾಗಿ ಕರೆಂಟು ಹೋಯ್ತು: ಗಾಳಿ ಮಳೆ ಇತ್ತಾ? ಇದ್ದರೆ ಸಡನ್ಲಿ. ಸಡನ್ನಾಗಿ ಗೆಸ್ಟ್ ಬಂದರು: ಶನಿವಾರವಾ? ಮಡಿಕೇರಿಯಲ್ಲಿ ಲಾಂಗ್ ವೀಕೆಂಡಿನ ಗೆಸ್ಟ್‌ಗೆ ಯಾರೂ ಔಟ್ ಆಫ್ ದ ಬ್ಲೂ ಅನ್ನಲಾರರು, ರಾಜಾಸೀಟಿನ ಹತ್ತಿರ ಕಾರು ನಿಲ್ಲಿಸಲು ಜಾಗ ಹುಡುಕಿದವರನ್ನು ಕೇಳಿ ನೋಡಿ. ಮಂಗಳವಾರ, ಜೋರು ಮಳೆಗಾಲ, ರಾತ್ರಿ ಒಂಬತ್ತೂವರೆಗೆ ಬಾಗಿಲು ಬಡಿದರೆ? ಆಗ ಅನ್ನಿ, ಸಂತೋಷವಾಗಿ ಅನ್ನಿ.

ಆ ಗೆಸ್ಟ್‌ಗೆ ಈಗಲೂ ಒಂದು ಮೆಸೇಜ್ ಹಾಕಬಹುದು, ‘ಸಾರಿ ಟು ಮೆಸೇಜ್ ಯೂ ಔಟ್ ಆಫ್ ದ ಬ್ಲೂ, ದ ಬ್ಲೂ ರೂಮ್ ಈಸ್ ಫ್ರೀ ನೌ’ ಅಂತ. ಇಂಥ ತಮಾಷೆಗೆ ಮನಸೋತು ಬರುವವರೂ ಇರುತ್ತಾರೆ. ಹಾಗೇ ಮಾರ್ಚ್ ಕೊನೆಗೆ, ಕಾಫಿ ಹೂ ಬಿಟ್ಟ ಮೇಲೆ, ಆ ರೂಮ್ ಎರಡು ದಿನ ಖಾಲಿ ಇದ್ದರೆ ತಿಳಿಸಿ. ನಮ್ಮ ಮನೆಯವರನ್ನು ಕರೆದುಕೊಂಡು ಬರುತ್ತೇನೆ. ಆಮೇಲೆ ಹೇಳಲಿಲ್ಲ ಅನ್ನಬೇಡಿ.